ಭೈರೋಬಾನ ಎಡಭುಜದ ಇರುವೆಗಳು

ಯಡ್ರಾವದ ದುಂಡಪ್ಪನಿಗೆ ಐವತ್ತೆರಡು ವರ್ಷ. ಪವರ್‌ಲೂಮ್ ಮಗ್ಗಗಳನ್ನು ರಿಪೇರಿ ಮಾಡುವುದು ಅವನ ಹೊಟ್ಟೆಪಾಡು, ದೇವರನ್ನು ಅಲ್ಲಗಳೆಯುವುದು ಹುಟ್ಟುಗುಣ. ಚಹಾದಂಗಡಿಯಲ್ಲಿ ಯಾರಾದರೂ ‘ದೇವರ ದಯಾ’ ಎಂದರೆ ಸಾಕು, “ಪುರಾವಾ ಏನೈತಿ?” ಎಂದು ಮೈಮೇಲೆ ಬೀಳುತ್ತಿದ್ದ. ಮಗ್ಗ ನಿಂತರೆ ಕಾರಣ ಹುಡುಕುತ್ತೀರೋ, ಊದಿನಕಡ್ಡಿ ಹಚ್ಚುತ್ತೀರೋ ಎಂದು ಕೇಳುತ್ತಿದ್ದ. ಎರಡನ್ನೂ ಮಾಡುವ ಮಾಲಕರು ಅಲ್ಲೇ ಕೂತು ಬಿಸ್ಕೀಟು ಅದ್ದುತ್ತಿದ್ದರು. ಪಕ್ಕದ ಮನೆಯವನಾದ ನನ್ನದೇ ಎಷ್ಟು ಕಪ್ ಚಹಾ ಅವನ ಮನೆಯಲ್ಲಿ ಅವನ ತರ್ಕ ಕೇಳುತ್ತ ಆರಿಹೋಗಿದೆಯೋ! ಪುಣ್ಯಾತ್ಮ ಹೇಳುವುದು ಸುಳ್ಳಾಗಿರಲಿಲ್ಲ, ಅದೇ ನನ್ನ ಸಿಟ್ಟು.

ಹೋದ ವರ್ಷ ಅವನ ಹೆಂಡತಿ ಬಾಳಕ್ಕನ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಆಪರೇಶನ್ ತಡವಾದರೆ ಜೀವಕ್ಕೇ ಸಂಚಕಾರ ಎಂದು ಕೊಲ್ಹಾಪುರದ ಡಾಕ್ಟರು ಹೇಳಿಬಿಟ್ಟರು. ಬಾಳಕ್ಕ ಒಪ್ಪಲಿಲ್ಲ.

“ಭೈರೋಬಾನ ಕೌಲ ಆಗಲಿ, ಆಮ್ಯಾಲ ನೋಡೂಣು.”

ಭೈರೋಬಾ ನಮ್ಮ ಊರದೇವರು, ಕೌಲ ಎಂದರೆ ಅವನ ಅಪ್ಪಣೆ. ಎರಡು ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎರಡು ಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

“ಹೊಟ್ಟ್ಯಾಗಿನ ಕಲ್ಲ ತಗ್ಯಾಕ ಗುಡ್ಯಾಗಿನ ಕಲ್ಲನ್ನ ಕೇಳತೀಯೇನ?” ಎಂದ ದುಂಡಪ್ಪ.

“ಹೌದ್ರಿ,” ಎಂದಳು ಬಾಳಕ್ಕ.

ಮೂರು ದಿನ ವಾದಿಸಿದ. ಇವನ ತರ್ಕ ಮುಗಿಯಿತು, ಅವಳ ನೋವು ಮುಗಿಯಲಿಲ್ಲ. ಕಡೆಗೆ ಸೋತ. ಸೋಲುವಾಗಲೂ ಒಂದು ಶರತ್ತು: “ಪೂಜಾರಿ ಕೈಚಳಕ ಮಾಡ್ತಾನ. ಎಸಳ ನಾನ ಹಚ್ಚಾಂವ.”

ಪೂಜಾರಿ ಧೋಂಡಿಬಾ ಬೇಜಾರು ಮಾಡಿಕೊಳ್ಳಲಿಲ್ಲ. “ಹಚ್ಚಪಾ, ದೇವರಿಗೇನ ಅಂಜಿಕಿ?”

ತಮಾಷೆ ನೋಡಲು ಓಣಿಯೆಲ್ಲ ಗುಡಿಗೆ ಬಂತು. ನಾನು ದುಂಡಪ್ಪನ ಮಗ್ಗುಲಲ್ಲೇ ನಿಂತಿದ್ದೆ. ಬಲಗಡೆಯ ಎಸಳನ್ನು ನೀರಿನಲ್ಲಿ ಅದ್ದಿದ. ಎಡಗಡೆಯದಕ್ಕೆ ಮಾತ್ರ ನೈವೇದ್ಯದ ತಟ್ಟೆಯಿಂದ ಹಸಿ ಬೆಲ್ಲ ಸವರಿದ. ಮೂವತ್ತು ವರ್ಷ ಊರನ್ನೆಲ್ಲ ಪುರಾವೆ ಕೇಳಿದ ಗಂಡಸು ಖೊಟ್ಟಿ ಪುರಾವೆ ಅಂಟಿಸಿದ. ನಾನು ಕಂಡೂ ಕಾಣದವನಂತೆ ಮೂರ್ತಿಗೆ ಕೈಮುಗಿದೆ. ಐದು ನಿಮಿಷಕ್ಕೆ ಬಲಗಡೆಯ ಎಸಳು ಉದುರಿತು. ಚಾಂಗಭಲಂ ಎಂದು ಜನ ದೇವರಿಗೆ ಜಯಕಾರ ಹಾಕಿದರು.

ಆಪರೇಶನ್ ಸುಸೂತ್ರವಾಯಿತು. ಬಾಳಕ್ಕ ಮನೆಗೆ ಬಂದಳು. ದುಂಡಪ್ಪನ ಗ್ರಹಚಾರ ಆಮೇಲೆ ಶುರುವಾಯಿತು. “ನಾಸ್ತಿಕನ ಕೈಯಾಗನ ಕೌಲ ಆತಲ್ಲೋ,” ಎಂದು ಚಹಾದಂಗಡಿ ನಗಾಡಿತು. ಅಕಿವಾಟದಿಂದ ಯಾರೋ ಬಂದು, “ನಿಮ್ಮ ಕೈಯಾಗ ಲಬಾಡಿ, ಮೋಸ ಇಲ್ಲಂತ. ನಮ್ಮ ಮಗಳ ಲಗ್ನದ ಸೋಯರಿಕಿಗಿ ನೀವ ಎಸಳ ಹಚ್ಚಬೇಕ್ರಿ,” ಎಂದು ಕಾಲು ಹಿಡಿದರು.

ಅವತ್ತೇ ಸಂಜೆ ದುಂಡಪ್ಪ ತನ್ನ ಮನೆಯಲ್ಲಿ, ನನ್ನೆದುರಿಗೇ, ಹೆಂಡತಿಯ ಮುಂದೆ ಕಕ್ಕಿಬಿಟ್ಟ. “ಎಡಗಡಿ ಎಸಳಿಗಿ ಬೆಲ್ಲ ಹಚ್ಚಿದ್ದೆ. ಕೌಲ ಸುಳ್ಳ.”

ಬಾಳಕ್ಕ ಚಹಾ ಸೋಸುತ್ತಿದ್ದಳು. “ಗೊತ್ತೈತ್ರಿ. ದವಾಖಾನಿಗಿ ಹೋಗೂ ದಿವಸ ಕಾಯಿ ಒಡಸಾಕ ಹೋಗಿದ್ದೆ. ಎಡಭುಜಕ್ಕ ಎಸಳ ಇನ್ನೂ ಅಂಟಿತ್ತು, ಇರಿವಿ ಸಾಲ ಹಿಡದಿದ್ದೂ. ಬರೇ ನೀರಿಗಿ ಇರಿವಿ ಬರ್ತಾವೇನ್ರಿ?”

“ಗೊತ್ತಿದ್ದೂ ಆಪರೇಶನ್ ಮಾಡಿಸಿಕೊಂಡಿ?”

“ಮತ್ತ? ಜಲ್ಮದಾಗ ಒಂದೂ ಸುಳ್ಳ ಹೇಳದಾವ್ರು ನೀವು. ನಿಮ್ಮ ಕೈಲೆ ಭೈರೋಬಾ ತನ್ನ ಗುಡ್ಯಾಗ ಮೋಸ ಮಾಡಿಸ್ಯಾನ ಅಂದ್ರ, ನಾ ಉಳೀಬೇಕಂತ ಅವಗ ಎಷ್ಟ ಆಸೆ ಇದ್ದೀತು. ಇದಕ್ಕಿಂತ ಪುರಾವಾ ಬೇಕೇನ?”

ದುಂಡಪ್ಪ ವಾದಕ್ಕಿಳಿಯದೆ ಚಹಾದ ಕಪ್ಪನ್ನು ನನ್ನತ್ತ ಸರಿಸಿದ. ಅಂದು ಮೊದಲ ಬಾರಿ ನಾನು ಅವನ ಮನೆಯಲ್ಲಿ ಬಿಸಿ ಚಹಾ ಕುಡಿದೆ.