ಕೈಯಲ್ಲಿ ಹಿಡಿದ ಉಸಿರು

ಹೊಟ್ಟೆ ನೋವು ಎಂದು ಭಾವ ಮೊದಲು ಹೇಳಿದ್ದು ಬೆಳಿಗ್ಗೆ ಏಳೂವರೆಗೆ. ನಾನು ಆಗ ಆಲೆಮನೆಯ ಒಲೆಯೆದುರು ಕೈ ಕಾಸಿಕೊಳ್ಳುತ್ತಿದ್ದೆ. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಸಿದ್ದಾಪುರದ ಆಸ್ಪತ್ರೆಯಲ್ಲಿ ವೈದ್ಯೆ ಅದನ್ನು ಮೂರು ಸಲ ಕೇಳಿದರು, ಮೂರು ಸಲವೂ ನಾನೇ ಉತ್ತರ ಹೇಳಬೇಕಾಯಿತು.

ಭಾವ ನನ್ನ ಅಕ್ಕನ ಗಂಡ. ನನಗಿಂತ ಎರಡೇ ವರ್ಷ ದೊಡ್ಡವನು. ನಮ್ಮ ಕಡೆಯ ರೂಢಿಯಂತೆ ಅವನೂ ನನ್ನನ್ನು ಭಾವ ಎಂದೇ ಕರೆಯುತ್ತಾನೆ. ಹೆಗ್ಗರಣೆಯ ಹತ್ತಿರ ಅವನಿಗೆ ಸ್ವಲ್ಪ ಕಬ್ಬಿದೆ. ಪ್ರತಿವರ್ಷ ಚಳಿ ಮುಗಿಯುವ ಹೊತ್ತಿಗೆ ನಾಲ್ಕು ಮನೆಯವರು ಸೇರಿ ಗದ್ದೆಯಲ್ಲಿ ಚಪ್ಪರ ಹಾಕಿ, ಗಾಣ ತರಿಸಿ, ಬೆಲ್ಲ ಮಾಡುತ್ತಾರೆ. ಹಿಂಡಿ ಉಳಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ ಅದೇ ಒಲೆಗೆ ಉರುವಲು ಮಾಡುವುದರಿಂದ ಚಪ್ಪರದ ಪಕ್ಕದಲ್ಲಿ ಅದರದೊಂದು ದೊಡ್ಡ ರಾಶಿ ಇರುತ್ತದೆ. ರಾತ್ರಿಯಿಡೀ ಬೆಲ್ಲ ಕಾಯಿಸಿ, ಬೆಳಗಿನ ಜಾವ ಕೊನೆಯ ಕೊಪ್ಪರಿಗೆ ಇಳಿಸಿದ ಮೇಲೆ ಭಾವ ಆ ರಾಶಿಯ ಮೇಲೆ ಕಂಬಳಿ ಹಾಸಿ ಎರಡು ತಾಸು ಮಲಗಿದ್ದ. ಎಲ್ಲರೂ ಅಲ್ಲೇ ಮಲಗುವುದು. ಮೆತ್ತಗಿರುತ್ತದೆ, ಬೆಚ್ಚಗಿರುತ್ತದೆ.

ಆಲೆಮನೆಗೆ ಬಂದವರಿಗೆ ಹೊಟ್ಟೆ ನೋಯುವುದು ಹೊಸತೇನಲ್ಲ. ಕಬ್ಬಿನ ಹಾಲನ್ನು ಚೊಂಬುಗಟ್ಟಲೆ ಕುಡಿದು, ನಡುವೆ ಮಿರ್ಚಿ ಭಜೆ ತಿಂದು, ಅದರ ಮೇಲೆ ಬಿಸಿ ನೊರೆಬೆಲ್ಲ ನೆಕ್ಕಿದರೆ ಯಾರ ಹೊಟ್ಟೆಯೂ ಸುಮ್ಮನಿರುವುದಿಲ್ಲ. ಭಾವನ ದೊಡ್ಡಪ್ಪ ಒಲೆಯ ಬುಡದಿಂದಲೇ ಕೆಣಕಿದರು.

“ಹೊಟ್ಟೆ ಹೇಳಿರೆ ಕೊಪ್ಪರಿಗೆ ಅಂದ್ಕಂಡಿದ್ಯನ ಮಾರಾಯಾ? ಹೊಯ್ದಷ್ಟೂ ಹಿಡಿತು ಹೇಳಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಜೀರಿಗೆ ಕಷಾಯ ಕಾಸಿ ಕುಡಿಸಿದವನೂ ನಾನೇ. ಅವನು ಅದನ್ನು ಪೂರ್ತಿ ವಾಂತಿ ಮಾಡಿದಾಗ, ಹೊರಗೆ ಬಂತಲ್ಲ, ಇನ್ನು ಹಗುರಾಗುತ್ತದೆ ಎಂದುಕೊಂಡೆವು.

ಆಮೇಲೆ ಅವನ ಕಣ್ಣುಗಳು ಅರ್ಧ ಮುಚ್ಚತೊಡಗಿದವು. ನಿದ್ದೆಗೆಟ್ಟಿದ್ದಾನೆ, ಹೊಗೆ ಬೇರೆ ಕುಡಿದಿದ್ದಾನೆ ಎಂದರು ಯಾರೋ. ಧ್ವನಿ ಮೂಗಿನಿಂದ ಬರತೊಡಗಿತು. ತಂಪು ಕಬ್ಬಿನ ಹಾಲಿಗೆ ಶೀತವಾಗಿದೆ ಎಂದೆ ನಾನು. ಆ ದಿನ ಅವನ ದೇಹ ತೋರಿಸಿದ ಒಂದೊಂದು ಲಕ್ಷಣಕ್ಕೂ ಆಲೆಮನೆಯಲ್ಲಿ ಒಂದೊಂದು ಉತ್ತರ ಸಿದ್ಧವಿತ್ತು. ಅಕ್ಕ ಮನೆಯಿಂದ ಫೋನು ಮಾಡಿದಾಗ ಎಂತೂ ಆಯ್ದಿಲ್ಲೆ, ಬರೀ ಅಜೀರ್ಣ ಎಂದು ಹೇಳಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ನನ್ನ ಮಾತನ್ನು ಅವಳು ನಂಬಿದಳು.

ಒಂಬತ್ತರ ಸುಮಾರಿಗೆ ಭಾವ ಎದ್ದು ಕೂತು, ಎಡಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ನನ್ನತ್ತ ನೋಡಿದ.

“ಭಾವಾ, ಯಂಗೆ ಎಲ್ಲಾ ಎರಡೆರಡು ಕಾಣ್ತು.”

ನೀರು ಕೊಟ್ಟೆ. ಗುಟುಕು ಒಳಗೆ ಹೋಗಲಿಲ್ಲ, ಮೂಗಿನಿಂದ ಇಳಿಯಿತು. ಅಲ್ಲಿಗೆ ನಗು ನಿಂತಿತು. ಅವನನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಸಿದ್ದಾಪುರಕ್ಕೆ ಹೊರಟೆವು. ದಾರಿಯಲ್ಲಿ ಅವನ ಕುತ್ತಿಗೆ ನನ್ನ ಭುಜದ ಮೇಲೆ ನಿಲ್ಲದೆ ಜಾರುತ್ತಿತ್ತು.

ವೈದ್ಯೆ ಚಿಕ್ಕ ವಯಸ್ಸಿನವರು. ಏನು ತಿಂದಿರಿ ಎಂದು ಅವರು ಕೇಳಲಿಲ್ಲ. ನೆಲದ ಮೇಲೆ ಮಲಗಿದ್ದರಾ ಎಂದು ಕೇಳಿದರು. ಮೇಲೆ ಸೂರು ನೋಡಿ ಎಂದು ಭಾವನಿಗೆ ಹೇಳಿದರು. ಹಣೆ ಸುಕ್ಕಾಯಿತು, ರೆಪ್ಪೆ ಏಳಲಿಲ್ಲ. ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಲು ಹೇಳಿದರು. ಮೊದಲ ಸಲ ಹನ್ನೊಂದಕ್ಕೆ ನಿಂತ. ಹಾವಿನ ಪ್ರತಿವಿಷದ ಬಾಟಲಿ ಹಚ್ಚಿ ಮತ್ತೆ ಎಣಿಸಿದಾಗ ಆರಕ್ಕೇ ನಿಂತ. ಮೊಣಕೈಯ ಹಿಂದೆ ಇರುವೆ ಕಚ್ಚಿದಂತೆ ಒಂದು ಚುಕ್ಕೆಯಿತ್ತು. ಬಾವು ಇಲ್ಲ, ಉರಿ ಇಲ್ಲ. ಕಪ್ಪು ಮೈಗೆ ಬಿಳಿಯ ಪಟ್ಟೆಯಿರುವ ಕಟ್ಟುಹಾವು ಕಚ್ಚಿದರೆ ಮಲಗಿದವರಿಗೆ ಎಚ್ಚರವೂ ಆಗದಿರಬಹುದು, ಬೆಳಿಗ್ಗೆ ಹೊಟ್ಟೆ ನೋವೆಂದೇ ಶುರುವಾಗುತ್ತದೆ ಎಂದರು.

ನನ್ನನ್ನು ಬಾಗಿಲಾಚೆ ಕರೆದು ಉಳಿದದ್ದನ್ನು ಹೇಳಿದರು. ನರ ಸ್ನಾಯುವನ್ನು ಮುಟ್ಟುವ ಜಾಗದಲ್ಲಿ ಈ ವಿಷ ಕೂತುಬಿಡುತ್ತದೆ. ಮಿದುಳು ಕಳಿಸಿದ ಆಜ್ಞೆ ಅಲ್ಲಿಯವರೆಗೆ ಬರುತ್ತದೆ, ದಾಟುವುದಿಲ್ಲ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕುತ್ತಿಗೆ, ಎದೆ. ಕಡೆಗೆ ಶ್ವಾಸಕೋಶದ ಕೆಳಗಿರುವ ವಪೆ.

“ಹೃದಯ ನಡೀತಾ ಇರತ್ತೆ. ಮಿದುಳೂ ಎಚ್ಚರ ಇರತ್ತೆ. ಅವರಿಗೆ ಎಲ್ಲಾ ಕೇಳಿಸ್ತಾ ಇರತ್ತೆ, ಅವರೆದುರು ಏನೇನೋ ಮಾತಾಡ್ಬೇಡಿ.”

ವಪೆಯ ಚಿತ್ರವನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮಗುಚಿಟ್ಟ ಬೋಗುಣಿಯಂತೆ ಒಂದು ಗೆರೆ. ಹೃದಯ ತನ್ನ ಬಡಿತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ವಪೆಗೆ ಪ್ರತಿ ಸಲವೂ ನರದ ಅಪ್ಪಣೆ ಬೇಕು. ಇದು ಎರಡು ಅಂಕದ ಪ್ರಶ್ನೆ. ಹಾಗೆಂದರೇನು ಎಂದು ಗೊತ್ತಾದದ್ದು ಆ ಬಾಗಿಲಾಚೆ.

ಹನ್ನೊಂದು ಗಂಟೆಯೊಳಗೆ ಅವನ ಎದೆ ಏಳುವುದು ನಿಂತಿತು. ಗಂಟಲಿಗೆ ಕೊಳವೆ ಇಳಿಸಿದರು. ಉಸಿರಾಟದ ಯಂತ್ರದ ಮೇಲೆ ದಿನಗಟ್ಟಲೆ ಇಡಬೇಕಾಗುತ್ತದೆ, ಶಿರಸಿಗೆ ಒಯ್ಯಬೇಕು ಎಂದರು. ಆಂಬುಲೆನ್ಸಿನಲ್ಲಿ ನಾನು ಮತ್ತು ಹಾವೇರಿ ಕಡೆಯ ಒಬ್ಬ ನರ್ಸ್. ಅವರು ಕೊಳವೆಯ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು.

“ಸರ್, ನಾ ಔಷಧ ನೋಡ್ಕೋಬೇಕು. ಇದನ್ನ ನೀವು ಒತ್ರಿ. ನಿಮ್ಮ ಉಸಿರು ನೋಡ್ಕೊಂಡು ಒತ್ರಿ, ನಿಲ್ಲಸಬ್ಯಾಡ್ರಿ.”

ಒತ್ತಿದೆ. ಎದೆ ಎದ್ದಿತು. ಬಿಟ್ಟೆ, ಇಳಿಯಿತು. ನನ್ನ ಉಸಿರು ಆಗ ಓಡಿ ಬಂದವನ ಉಸಿರಿನಂತಿತ್ತು, ಕೈಯೂ ಅದರ ಹಿಂದೆಯೇ ಓಡುತ್ತಿತ್ತು. ನರ್ಸ್ ನನ್ನ ಮಣಿಕಟ್ಟು ಹಿಡಿದರು.

“ನಿಮ್ಮ ಹೆದರಿಕಿ ಅವ್ರಿಗೆ ಹಾಕಬ್ಯಾಡ್ರಿ. ಸಾವಕಾಶ.”

ಒಂದು ಗಂಟೆಯ ದಾರಿ. ಹೊರಗೆ ಬಿಸಿಲಿತ್ತು, ಬಸ್ಸುಗಳು ಬದಿಗೆ ಸರಿಯುತ್ತಿದ್ದವು. ಒತ್ತುವುದು, ಬಿಡುವುದು, ಎರಡೆಣಿಸುವುದು, ಒತ್ತುವುದು. ಜೀವನದಲ್ಲಿ ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸವದು. ಅದೀಗ ನನ್ನ ಐದು ಬೆರಳಿಗೆ ಬಂದಿತ್ತು, ಹತ್ತೇ ನಿಮಿಷದಲ್ಲಿ ಬೆರಳು ಸೆಟೆದುಕೊಂಡವು. ಕೈ ಬದಲಿಸಿದೆ. ಅವನ ಮುಖದಲ್ಲಿ ಏನೂ ಇರಲಿಲ್ಲ. ಸಿಟ್ಟಿಲ್ಲ, ನೋವಿಲ್ಲ. ಮುಚ್ಚಿದ ಬಲಗಣ್ಣಿನ ತುದಿಯಿಂದ ಮಾತ್ರ ನೀರು ಕಿವಿಯತ್ತ ಇಳಿಯುತ್ತಿತ್ತು. ಎಂತಾರೂ ಹೇಳು ಎಂದು ಮನಸ್ಸು ಒತ್ತಾಯಿಸಿತು. ಧ್ವನಿ ನಡುಗಿದರೆ ಅವನಿಗೆ ಕೇಳಿಸುತ್ತದೆ ಎಂದು ಬಾಯಿ ಬಿಡಲಿಲ್ಲ.

ಒಂದು ತಿರುವಿನಲ್ಲಿ ಗಾಡಿ ಹೊಂಡಕ್ಕಿಳಿದು ಹಾರಿತು. ಚೀಲ ಕೊಳವೆಯಿಂದ ಕಳಚಿ ನನ್ನ ಕೈಯಲ್ಲೇ ಉಳಿಯಿತು. ನಾನು ಒತ್ತುತ್ತಲೇ ಇದ್ದೆ, ಗಾಳಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವನ ಎದೆ ಏಳುತ್ತಿರಲಿಲ್ಲ. ನರ್ಸ್ ಔಷಧದ ಸಿರಿಂಜು ಕೆಳಗಿಟ್ಟು, ಚೀಲ ಕಿತ್ತುಕೊಂಡು ಮತ್ತೆ ಸಿಕ್ಕಿಸಿದರು. ಹತ್ತು ಸೆಕೆಂಡು ಆಗಿರಬಹುದು. ಇಪ್ಪತ್ತೂ ಆಗಿರಬಹುದು. ಬೇರೆಲ್ಲ ಹೊತ್ತುಗಳೂ ನನಗೆ ಸರಿಯಾಗಿ ನೆನಪಿವೆ, ಇದೊಂದು ನೆನಪಿಲ್ಲ.

ಶಿರಸಿಯಲ್ಲಿ ಅವನನ್ನು ಯಂತ್ರಕ್ಕೆ ಜೋಡಿಸಿದ ಮೇಲೂ ನನ್ನ ಬೆರಳುಗಳು ಮುಚ್ಚುತ್ತ ತೆರೆಯುತ್ತ ಇದ್ದವು. ಮರುದಿನ ಸಿಪ್ಪೆಯ ರಾಶಿ ಮಗುಚಿದಾಗ ಹಾವು ಸಿಕ್ಕಿತೆಂದು ದೊಡ್ಡಪ್ಪ ಫೋನಿನಲ್ಲಿ ತಿಳಿಸಿದರು. ಮೂರನೆಯ ದಿನ ಭಾವನ ಕಾಲಿನ ಹೆಬ್ಬೆರಳು ಅಲ್ಲಾಡಿತು. ಆರನೆಯ ದಿನ ಕೊಳವೆ ತೆಗೆದರು.

ಏಳನೆಯ ದಿನ ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಳು, ಅವನ ಬಳಿ ನಾನೊಬ್ಬನೇ ಇದ್ದೆ. ಕಷಾಯ ಕುಡಿಸಿ ಒಂದೂವರೆ ತಾಸು ಕಳೆದದ್ದಕ್ಕೆ ತಪ್ಪಾಯಿತು ಎನ್ನಬೇಕೆಂದು ಕಾದಿದ್ದೆ. ಅವನೇ ಮೊದಲು ಮಾತಾಡಿದ. ಧ್ವನಿ ಇನ್ನೂ ಒಡಕಾಗಿತ್ತು.

“ದಾರಿ ಮೇಲೆ ಒಂದ್ಸಲ ಕಳಚಿ ಹೋತು, ಅಲ್ದಾ?”

ಹೌದೆಂದೆ.

“ಯಂಗೂ ಗೊತ್ತಾತು. ನೀ ಉಸಿರಾಡದು ಕೇಳ್ತಾ ಇತ್ತು. ಯನ್ನ ಉಸಿರು ಬತ್ತಾ ಇತ್ತಿಲ್ಲೆ.”

ನಾನು ಅವನ ಎದೆ ಏಳುವುದನ್ನೇ ನೋಡುತ್ತ ಕೂತೆ. ಅವನು ಕಣ್ಣು ಮುಚ್ಚಿದ. ರೆಪ್ಪೆಯನ್ನು ಅವನೇ ಮುಚ್ಚಿದನೋ, ಅದೇ ಇಳಿಯಿತೋ ತಿಳಿಯದೆ ಭಾವಾ ಎಂದು ಕರೆದೆ. ಎಂತ, ಎಂದ. ಎಂತ ಇಲ್ಲೆ, ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದೆ.