ಗೋಣಿಚೀಲದ ಹಂದಿ

ಹಲಗೂರಿನಿಂದ ಕಾಡಿನ ಕಡೆ ಹೋಗುವ ಗಾಡಿದಾರಿಯಲ್ಲಿ, ಹೊಲಗಳು ಮುಗಿದು ಕುರುಚಲು ಶುರುವಾಗುವ ಕಡೆ ಇಪ್ಪತ್ತು ಮನೆಗಳ ಒಂದು ಊರಿತ್ತು. ಆ ಊರಲ್ಲಿ ಬಿಲ್ಲು ಹಿಡಿಯಬಲ್ಲವನೆಂದರೆ ಚಿಕ್ಕಣ್ಣ ಒಬ್ಬನೇ. ಅಪ್ಪನ ಕಾಲದ ಬಿದಿರಿನ ಬಿಲ್ಲು, ಕಮ್ಮಾರನ ಕೈಲಿ ತಟ್ಟಿಸಿದ ಮೊನೆಯ ಹತ್ತು ಬಾಣ, ಇಷ್ಟೇ ಅವನ ಸಲಕರಣೆ. ರಾಗಿ ತೆನೆಗಟ್ಟಿತೆಂದರೆ ಕಾಡುಹಂದಿಗಳು ಇಳಿಯುತ್ತಿದ್ದವು. ಆಗ ಎಲ್ಲರ ಬಾಯಲ್ಲೂ ಅವನ ಹೆಸರೇ. ಅವನಿಗೂ ಹೆಮ್ಮೆ ಇಲ್ಲದಿರಲಿಲ್ಲ. ಸಂತೆಗೆ ಹೋದರೆ, ಹಂದಿ ಹೊಡೆದ ಕತೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ.

ಸಾವಿರದ ಒಂಬೈನೂರ ಮೂವತ್ನಾಲ್ಕರ ಕಾರ್ತಿಕದಲ್ಲಿ ಆ ಹೆಮ್ಮೆ ಮುರಿಯಿತು. ಬೆಳಕು ಹರಿಯುವ ಹೊತ್ತು, ಹೊಲದ ತುಂಬ ಮಂಜು. ಕಾವಲಿನ ಅಟ್ಟಣೆಯ ಮೇಲೆ ಕೂತಿದ್ದ ಚಿಕ್ಕಣ್ಣನಿಗೆ ರಾಗಿಯ ನಡುವೆ ಕಪ್ಪಗೆ ಏನೋ ಬಗ್ಗಿ ಸರಿದಂತಾಯಿತು. ತೆನೆಗಳು ಅಲ್ಲಾಡಿದವು. ಹಿಂದೆಮುಂದೆ ನೋಡದೆ ಹೆದೆ ಎಳೆದು ಬಿಟ್ಟ.

"ಅಯ್ಯೋ, ಸತ್ತೆ ಕಣ್ರಪ್ಪೋ!"

ಕೂಗಿದ್ದು ಪಕ್ಕದ ಹೊಲದ ತಿಮ್ಮಯ್ಯ. ಹಗ್ಗ ಕಿತ್ತುಕೊಂಡು ಹೋದ ಕರುವನ್ನು ಹುಡುಕುತ್ತ, ಕರೀ ಕಂಬಳಿ ಹೊದ್ದು ಬಗ್ಗಿ ಬರುತ್ತಿದ್ದ. ಬಾಣ ತೊಡೆಯೊಳಗೆ ಇಳಿದಿತ್ತು. ಗಾಡಿ ಕಟ್ಟಿ ಮಳವಳ್ಳಿಯ ಆಸ್ಪತ್ರೆ ಸೇರುವಷ್ಟರಲ್ಲಿ ಗಾಡಿಗೆ ಹಾಸಿದ್ದ ಹುಲ್ಲೆಲ್ಲ ನೆತ್ತರಾಗಿತ್ತು. ಜೀವ ಉಳಿಯಿತು. ಎರಡು ತಿಂಗಳ ಮೇಲೆ ತಿಮ್ಮಯ್ಯ ಊರಿಗೆ ಬಂದಾಗ ಬಲಗಾಲು ಮಡಿಸಲು ಬರುತ್ತಿರಲಿಲ್ಲ, ಕೈಯಲ್ಲಿ ಊರುಗೋಲು.

ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಏನು ಹೇಳಿದರೂ ಸರಿ ಎಂದು ಚಿಕ್ಕಣ್ಣ ತಲೆ ತಗ್ಗಿಸಿ ನಿಂತ. ತಿಮ್ಮಯ್ಯ ಆಡಿದ್ದು ಎರಡೇ ಮಾತು: "ಅವ ಅಟ್ಣೆ ಮ್ಯಾಲವ್ನೆ ಅಂತ ನಂಗೊತ್ತಿತ್ತು. ನಾನೂ ಒಂದ್ಕೂಗು ಆಕ್ಬೇಕಿತ್ತು, ಬುಟ್ಬುಡಿ."

ನಾಲ್ಕು ಜನರೆದುರು ಬೈದಿದ್ದರೆ ಚಿಕ್ಕಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ವರ್ಷ ತಿಮ್ಮಯ್ಯನ ಹೊಲ ಉತ್ತ ಮೇಲೆಯೇ ತನ್ನ ಹೊಲಕ್ಕೆ ನೇಗಿಲು ಹೂಡಿದ. ತಿಮ್ಮಯ್ಯನ ಹೆಂಡತಿ ಮಾಯಮ್ಮ ಮಾತ್ರ ಅವನು ಬಂದದ್ದು ಕಂಡರೆ ಒಳಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು.

ಬಿಲ್ಲು ಅಟ್ಟ ಸೇರಿತು. ಮರುವರ್ಷ ಹಂದಿಗಳಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಊರಿನವರು ತಮಟೆ ಬಡಿದರು, ಬೆಂಕಿ ಹಾಕಿದರು. ಆದರೂ ಕಣಕ್ಕೆ ಬಂದದ್ದು ಅರ್ಧ ರಾಗಿ. ಪಟೇಲ ನಿಂಗಯ್ಯ ಮನೆ ಬಾಗಿಲಿಗೇ ಬಂದ.

"ಒಂದ್ಸಲ ಕೈ ತಪ್ತು ಅಂತ ಊರ್ನೇ ಉಪ್ವಾಸ ಕೆಡವ್ತೀಯೇನ್ಲಾ?"

ಚಿಕ್ಕಣ್ಣ ಆ ಬೇಸಿಗೆಯಲ್ಲಿ ಬಿಲ್ಲನ್ನು ಕೆಳಗಿಳಿಸಿ, ಎಣ್ಣೆ ಸವರಿ, ಹೊಸ ಹೆದೆ ಕಟ್ಟಿದ. ನಿಂತ ಗುರಿ ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಓಡುವ ಗುರಿಯನ್ನು ಹೊಡೆದು ನೋಡಬೇಕಿತ್ತು. ಹಿತ್ತಲಿನ ತಿಪ್ಪೆಯ ಮೇಲಿಂದ ಕೊಳೆತ ಕುಂಬಳಕಾಯಿ ಉರುಳಿಸಿ ಹೊಡೆದ. ನುಗ್ಗೆಮರಕ್ಕೆ ಹಳೇ ಮಂಕರಿ ಬುಟ್ಟಿ ತೂಗುಹಾಕಿ, ಜೋರಾಗಿ ತಳ್ಳಿ ಹೊಡೆದ. ಕೊನೆಗೆ ಎರಡು ಗೂಟ ನೆಟ್ಟು, ಬಾವಿಯ ಹಳೇ ರಾಟೆಗಳನ್ನು ಕಟ್ಟಿ, ಹಗ್ಗ ಹಾಯಿಸಿದ. ಗೋಣಿಚೀಲಕ್ಕೆ ಹುಲ್ಲು ತುರುಕಿ, ಮೇಲೆ ಕಂಬಳಿಯ ಚೂರು ಹೊಲಿದು, ಹಗ್ಗಕ್ಕೆ ಬಿಗಿದ. ಹೆಂಡತಿ ಚಿಕ್ಕಮಾದಮ್ಮ ಆ ತುದಿಯಲ್ಲಿ ಕೂತು ಹಗ್ಗ ಎಳೆದರೆ ಗೋಣಿಚೀಲದ ಹಂದಿ ಇತ್ತಲಿಂದತ್ತ ಓಡುತ್ತಿತ್ತು. ಹತ್ತಕ್ಕೆ ಹತ್ತೂ ಬಾಣ ನಾಟಿದವು.

ಅದನ್ನು ನೋಡಿ ಚಿಕ್ಕಣ್ಣನಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಅವತ್ತೂ ತನ್ನ ಗುರಿ ತಪ್ಪಿರಲಿಲ್ಲವಲ್ಲ! ತಪ್ಪಿದ್ದು ಕಣ್ಣು.

ಮಾರನೇ ದಿನ ಇನ್ನೊಂದು ಚೀಲ ತುಂಬಿಸಿದ. ಅದೇ ಎತ್ತರ, ಅದೇ ಕಂಬಳಿ. ಮೂತಿಯ ಜಾಗದಲ್ಲಿ ಮಾತ್ರ ಬಿಳೀ ಬಟ್ಟೆಯ ತುಂಡು. ಅದು ಮನುಷ್ಯ; ಅದನ್ನೂ ಹಗ್ಗಕ್ಕೆ ಬಿಗಿದ. ಹಗ್ಗದ ಮುಂದೆ ಜೋಳದ ಕಡ್ಡಿಯ ತಡಿಕೆ ನಿಲ್ಲಿಸಿ, ನಡುನಡುವೆ ಗೇಣಗಲ ಸಂದು ಬಿಟ್ಟ. ಸಂದಿನಲ್ಲಿ ಕಪ್ಪು ಕಂಡು ಮಾಯವಾಗುವಷ್ಟರಲ್ಲಿ ಹಂದಿಯೋ ಮನುಷ್ಯನೋ ತಿಳಿಯಬೇಕು. ಮನುಷ್ಯನಾದರೆ ಕೈ ತಡೆಯಬೇಕು. ಮೊದಲ ದಿನ ಹತ್ತರಲ್ಲಿ ಮೂರು ಬಾಣ ಮನುಷ್ಯನಿಗೆ ಹೋದವು. ಚಿಕ್ಕಣ್ಣ ಬಿಲ್ಲು ಬಿಸಾಕಿ ತಿಪ್ಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಬರೀ ಗೋಣಿಚೀಲ ಕಣಪ್ಪ, ಯಾಕಿಂಗೆ ಕುಂತ್ಬುಟ್ಟೆ?" ಎಂದಳು ಚಿಕ್ಕಮಾದಮ್ಮ. ಅಷ್ಟು ಹೇಳಿ ಅವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈ ಆಟದ ಸುದ್ದಿ ಊರಲ್ಲಿ ಹಬ್ಬದೆ ಇರುತ್ತದೆಯೇ? ಒಂದು ಸಂಜೆ ತಿಮ್ಮಯ್ಯ ಕೋಲೂರಿಕೊಂಡು ಹಿತ್ತಲಿಗೆ ಬಂದ. ಚಪ್ಪಡಿಯ ಮೇಲೆ ಕಾಲು ಚಾಚಿ ಕೂತು, ಸುಮಾರು ಹೊತ್ತು ನೋಡಿದ. ಆಮೇಲೆ ಕೋಲಿನ ತುದಿಯಿಂದ ಎರಡನೇ ಚೀಲವನ್ನು ತಿವಿದ.

"ಇದ್ಯಾರ್ಲಾ? ನಾನಾ?"

ಚಿಕ್ಕಣ್ಣ ಬಿಲ್ಲನ್ನು ನೆಲಕ್ಕಿಟ್ಟ.

"ಅಗ್ಗ ಇತ್ಲಾಗ್ ಕೊಡವ್ವ," ಎಂದು ತಿಮ್ಮಯ್ಯ ಚಿಕ್ಕಮಾದಮ್ಮನ ಕಡೆ ಕೈ ಚಾಚಿದ. "ನೀನು ಬಾವಿ ನೀರು ಸೇದಂಗೆ ಎಳೀತೀಯ. ಕಾಡಂದಿ ಅಂಗ್ ಓಡಾಕಿಲ್ಲ."

ಅವನು ಎಳೆದ ರೀತಿಯೇ ಬೇರೆ. ನಿಲ್ಲಿಸುತ್ತಿದ್ದ, ಜಗ್ಗುತ್ತಿದ್ದ, ಹಿಂದಕ್ಕೆ ಬಿಡುತ್ತಿದ್ದ. ಮನುಷ್ಯನ ಚೀಲಕ್ಕೆ ಬಾಣ ನಾಟಿದಾಗ ಕುಂಟಿಕೊಂಡು ಹೋಗಿ, ತಾನೇ ಕಿತ್ತು ತಂದು, ಚಿಕ್ಕಣ್ಣನ ಕೈಗೆ ಕೊಡುತ್ತಿದ್ದ. ಆ ನಾಲ್ಕು ಹೆಜ್ಜೆಯ ಕುಂಟುನಡೆ ನೋಡುವುದಕ್ಕಿಂತ ಬೆನ್ನಿಗೆ ಬಾರುಕೋಲಿನ ಏಟು ತಿನ್ನುವುದು ವಾಸಿ ಎನಿಸುತ್ತಿತ್ತು ಚಿಕ್ಕಣ್ಣನಿಗೆ. ಆದರೂ ದಿನಾ ಸಂಜೆ ಇಬ್ಬರೂ ಸೇರಿದರು. ಶ್ರಾವಣ ಕಳೆಯುವ ಹೊತ್ತಿಗೆ ಒಂದು ಬಾಣವೂ ಆ ಚೀಲಕ್ಕೆ ಹೋಗದಂತಾಯಿತು.

ಕಾರ್ತಿಕ ಬಂತು. ಚಿಕ್ಕಣ್ಣ ತಿಮ್ಮಯ್ಯನ ಹೊಲದ ಅಟ್ಟಣೆ ಹತ್ತಿ ಕೂತ. ಬೆಳಗಾಗುವ ಮುಂಚೆ ತೆನೆ ಅಲ್ಲಾಡಿತು. ಬಾಣ ಹೂಡಿದ, ಕಾದ. ಕಪ್ಪು ಸರಿಯಿತು. ಕಾದ. ಬೆಳಕು ಏರಿ ಮೂತಿ ಕಂಡಿತು, ಕೋರೆ ಕಂಡಿತು. ಪಕ್ಕೆ ಕೊಟ್ಟು ನಿಂತ ದೊಡ್ಡ ಗಂಡುಹಂದಿ. ಹಿಂದೆ ಇನ್ನೂ ಆರೇಳು ಹಂದಿ. ಸಂಶಯವೇ ಇರಲಿಲ್ಲ, ಹೆದೆ ಎಳೆದ. ಆದರೂ ಬೆರಳು ಹೆದೆ ಬಿಡಲಿಲ್ಲ. ತೋಳು ಸೋತು, ಬಿಲ್ಲು ತಾನಾಗಿ ಕೆಳಗಿಳಿಯಿತು. ಹಂದಿಗಳು ಹೊಟ್ಟೆ ತುಂಬ ತಿಂದು, ತುಳಿದು, ಬಿಸಿಲು ಬಿದ್ದ ಮೇಲೆ ಹೋದವು.

ಚಿಕ್ಕಣ್ಣ ನೇರ ತಿಮ್ಮಯ್ಯನ ಜಗಲಿಗೆ ಹೋದ.

"ಅಂದೀನೇ ಅಂತ ಗೊತ್ತಾಯ್ತಾ?" ಎಂದ ತಿಮ್ಮಯ್ಯ.

"ಗೊತ್ತಾಯ್ತು."

"ಮತ್ಯಾಕ್ಲಾ ಒಡೀನಿಲ್ಲ?"

"ಕೈ ಬರ್ನಿಲ್ಲ ಕಣಣ್ಣ."

ಎರಡು ವರ್ಷ ನುಂಗಿಕೊಂಡಿದ್ದ ಸಿಟ್ಟು ಆಗ ಹೊರಬಿತ್ತು. "ಕಾಲೂ ಓಯ್ತು, ರಾಗೀನೂ ಓಯ್ತು! ಒಡೀಬಾರ್ದಾಗ ಒಡ್ದೆ, ಒಡೀಬೇಕಾದಾಗ ಕೈ ಕಟ್ಕೊಂಡ್ ಕೂತ್ಕೊಂಡೆ! ಎದ್ದೋಗು!" ತಿಮ್ಮಯ್ಯ ಕೋಲೆತ್ತಿದ. ಚಿಕ್ಕಣ್ಣ ಜರುಗಲಿಲ್ಲ. ಏಟು ಜಗಲಿಯ ಕಂಬಕ್ಕೆ ಬಿತ್ತು. ಚಿಕ್ಕಣ್ಣ ಬಿಲ್ಲನ್ನು ಅಲ್ಲೇ ಒರಗಿಸಿ ಮನೆಗೆ ಬಂದ.

ಹದಿನೈದು ದಿನ ತಿಮ್ಮಯ್ಯ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಸಂಜೆ ಆ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಲ್ಲಿ ನಿಂತಿದ್ದ. "ಕೂತ್ಕೊಂಡು ಒಡಿಯಕ್ಕೆ ಕಾಲ್ಯಾಕ್ಲಾ ಬೇಕು? ನೀನು ಅಗ್ಗ ಎಳಿ."

ಕಲಿಯಲು ಆರು ತಿಂಗಳು ಹಿಡಿಯಿತು. ಮೊದಮೊದಲು ಬಾಣ ತಡಿಕೆಗೂ ಮುಟ್ಟುತ್ತಿರಲಿಲ್ಲ. ಒಂದು ಸಲ ಹದವಾಗಿ ಹೋದ ಬಾಣ ಬಿಳೀ ಬಟ್ಟೆಯ ಚೀಲಕ್ಕೆ ನಾಟಿತು. ತಿಮ್ಮಯ್ಯ ನಗಲು ಹೋಗಿ ಬಿಲ್ಲು ಕೆಳಗಿಳಿಸಿದ.

"ಅಂದಿ ಅಂತ್ಲೇ ಕಾಣ್ತಲ್ಲೋ," ಎಂದ.

ಚಿಕ್ಕಣ್ಣ ಎದ್ದು ಹೋಗಿ ಬಾಣ ಕಿತ್ತು ತಂದುಕೊಟ್ಟ.

ಮುಂದಿನ ಸುಗ್ಗಿಗೆ ತಿಮ್ಮಯ್ಯ ಅಟ್ಟಣೆಯ ಮೇಲಿಂದ ಎರಡು ಹಂದಿ ಕೆಡವಿದ. ಊರಿಗೆ ಊರೇ ಅವನನ್ನು ಹೊತ್ತುಕೊಂಡು ಬಂತು. ಚಿಕ್ಕಣ್ಣ ಆ ಗುಂಪಿನ ಹಿಂದೆ, ಅವನ ಕೋಲು ಹಿಡಿದು ನಡೆದ. ಅವನು ಮತ್ತೆ ಬಿಲ್ಲು ಮುಟ್ಟಲಿಲ್ಲ. ಯಾಕೆಂದು ಕೇಳಿದವರಿಗೆ ಭುಜ ನೋಯುತ್ತದೆ ಎನ್ನುತ್ತಿದ್ದ.