‘ಸುಮಾರು’ ಎನ್ನದ ಸಿಸ್ಟರಮ್ಮ

ಸರೋಜಮ್ಮ ಸಿಸ್ಟರ ಬಾಯಲ್ಲಿ ‘ಸುಮಾರು’ ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಬರಗೂರು ಕಡೆಯ ನಮ್ಮ ಹಟ್ಟಿಗೆ ಅವರು ಆರೋಗ್ಯ ಉಪಕೇಂದ್ರದ ನರ್ಸು. ಜ್ವರ ಎಷ್ಟು ದಿನದಿಂದ ಎಂದು ಕೇಳಿದರೆ ನಮ್ಮ ತಾತ ‘ನಾಕೈದು ದಿನ’ ಎನ್ನುತ್ತಿದ್ದ.

“ನಾಕೋ, ಐದೋ?”

“ಯಾವ್ದೋ ಒಂದು ಬರ್ಕೊಳವ್ವ. ಜ್ವರ ಏನು ಲೆಕ್ಕ ಕೇಳ್ತದಾ?”

“ಜ್ವರ ಕೇಳಲ್ಲ, ನಾನು ಕೇಳ್ತೀನಿ” ಎಂದು ಪೆನ್ನು ಹಿಡಿದು ನಿಲ್ಲುವರು. ತಾತ ಬೆರಳು ಮಡಚಿ ಎಣಿಸಿದ ಮೇಲೆಯೇ ಮುಂದಿನ ಮನೆ.

ಪ್ರತಿ ವರ್ಷ ಹತ್ತನೇ ತರಗತಿಯಿಂದ ಇಬ್ಬರು ಹುಡುಗಿಯರನ್ನು ಅವರು ಆರಿಸಿಕೊಳ್ಳುತ್ತಿದ್ದರು. ಓದುವ ಆಸೆಯಿದ್ದು ಮನೆಯಲ್ಲಿ ಅನುಕೂಲವಿಲ್ಲದವರನ್ನು. ಆ ವರ್ಷ ಆರಿಸಿದವರಲ್ಲಿ ನಾನೊಬ್ಬಳು. ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಅವರ ಜೊತೆ ಮನೆಮನೆ ಸುತ್ತಬೇಕು, ನಾಡಿ ನೋಡಬೇಕು, ಕೂಸುಗಳನ್ನು ತೂಗಿ ಬರೆದುಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ಅವರೇ ಹುಡುಗಿಯ ಮನೆಗೆ ಹೋಗಿ, ಸಿರಾದಲ್ಲಿ ಪಿಯುಸಿ, ಹಾಸ್ಟೆಲ್, ಆಮೇಲೆ ನರ್ಸಿಂಗ್ ಎಂದು ಹೆತ್ತವರನ್ನು ಒಪ್ಪಿಸುತ್ತಿದ್ದರು. ನಮ್ಮಪ್ಪ ಕುರಿ ಮೇಯಿಸುವವನು. ಹತ್ತನೆಯದಕ್ಕೆ ಓದು ಸಾಕೆಂದು ಹೇಳಿಯಾಗಿತ್ತು. ಸಿಸ್ಟರು ಬಂದು ಮಾತಾಡದಿದ್ದರೆ ನನಗೆ ಬೇರೆ ದಾರಿಯಿರಲಿಲ್ಲ.

ಒಂದು ಶನಿವಾರ ಅವರು ಪಕ್ಕದ ಮನೆಯ ಬಾಣಂತಿಯನ್ನು ನೋಡುತ್ತಿದ್ದಾಗ ರತ್ನಕ್ಕನ ಆರು ತಿಂಗಳ ಮಗುವನ್ನು ನಾನೊಬ್ಬಳೇ ತೂಗಿದೆ. ಮುಳ್ಳು ಐದು ಕಿಲೋ ಆರುನೂರರಲ್ಲಿ ನಿಂತಿತು. ಹಿಂದಿನ ತಿಂಗಳು ಆರು ಕಿಲೋ ಇತ್ತು. ರತ್ನಕ್ಕ ನನ್ನ ಕೈ ಹಿಡಿದಳು.

“ಇಳ್ದದೆ ಅಂತ ಬರೀಬ್ಯಾಡ ಕಣೇ. ನಮ್ಮತ್ತೆ ಕಿವಿಗೆ ಬಿದ್ರೆ ನನ್ ಹಾಲೇ ಸರಿಯಿಲ್ಲ ಅಂತ ಹಟ್ಟಿಗೆಲ್ಲ ಸಾರ್‍ತಾಳೆ.”

ನಾನು ಆರು ಕಿಲೋ ಇನ್ನೂರು ಎಂದು ಬರೆದೆ. ಸಿಸ್ಟರು ಅದನ್ನು ನೋಡಿ, ತಲೆಯಾಡಿಸಿ, ಪುಸ್ತಕ ಮುಚ್ಚಿದರು.

ಭಾನುವಾರ ಹಾಗೇ ಕಳೆಯಿತು. ಸೋಮವಾರ ಬೆಳಿಗ್ಗೆ ಉಪಕೇಂದ್ರದ ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ. ಅವರು ಬೈಯಲಿಲ್ಲ.

“ನಿಜವಾಗ್ಲೂ ಎಷ್ಟಿತ್ತು?”

ಹೇಳಿದೆ.

“ನಡಿ.”

ನೇರ ರತ್ನಕ್ಕನ ಮನೆಗೆ ಹೋದೆವು. ಮತ್ತೆ ತೂಗಿದಾಗ ಐದು ಕಿಲೋ ನಾನೂರು. ಅತ್ತೆ ಬಾಯಿ ತೆರೆಯುವ ಮೊದಲೇ ಸಿಸ್ಟರು, “ಸೊಸೆನ ಆಮೇಲೆ ಬೈಯೀವಂತೆ ಅಜ್ಜಿ, ಈಗ ಕೂಸಿಗೆ ಬಟ್ಟೆ ಸುತ್ತು” ಎಂದರು. ತಾಯಿಯನ್ನೂ ಮಗುವನ್ನೂ ಸಿರಾ ಬಸ್ಸಿಗೆ ಹತ್ತಿಸಿ ತಾವೂ ಹತ್ತಿದರು. ಮಗು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಚೇತರಿಸಿಕೊಂಡು ಬಂತು. ನಾನು ಸುಮ್ಮನಿದ್ದ ಆ ಒಂದು ಭಾನುವಾರದಲ್ಲಿ ಕೂಸು ಇನ್ನೂರು ಗ್ರಾಂ ಇಳಿದಿತ್ತು.

ಫಲಿತಾಂಶ ಬಂತು. ಸಿಸ್ಟರು ನಮ್ಮ ಮನೆಗೆ ಬರಲಾರರೆಂದೇ ತಿಳಿದಿದ್ದೆ. ಬಂದರು. ಕುರಿರೊಪ್ಪದ ಬಳಿಯಿದ್ದ ಅಪ್ಪನಿಗೆ ಎಲ್ಲವನ್ನೂ ಹೇಳಿದರು, ನಾನು ಸುಳ್ಳು ಬರೆದದ್ದನ್ನೂ.

“ಇಂತೋಳ್ನ ನರ್ಸು ಮಾಡು ಅಂತೀಯಲ್ಲ, ಸಿಸ್ಟ್ರಮ್ಮ!”

“ಇಂತೋಳ್ನೇ ಮಾಡ್ಬೇಕು ಕಣಪ್ಪ. ಯಾರೂ ಕೇಳ್ದೆ ಇದ್ರೂ ತಾನೇ ಬಂದ್ಬುಟ್ಟು ಒಪ್ಕೊಂಡ್ಲು. ಇಪ್ಪತ್ತೇಳು ವರ್ಸದಾಗೆ ನನ್ ಬಾಗ್ಲಿಗೆ ಅಂಗೆ ಬಂದೋಳು ಇವಳೊಬ್ಳೇ.”

ಅಪ್ಪ ರೊಪ್ಪದ ಬಾಗಿಲು ಎಳೆದು ಕಟ್ಟಿ ಬಂದ.

“ಹಾಸ್ಟೆಲ್ನಾಗೆ ಮುದ್ದೆ ಹಾಕ್ತಾರಾ?”

“ವಾರಕ್ಕೆ ಮೂರು ದಿನ.”

“ಮೂರೇನಾ?” ಎಂದ ಅಪ್ಪ. ಅವನು ಒಪ್ಪಿದ್ದು ಹಾಗೆ.

ಸಿಸ್ಟರು ನಿವೃತ್ತರಾದ ಮೇಲೆ, ಪಾವಗಡದ ಮಗಳ ಮನೆಗೆ ಹೊರಟವರು ನನ್ನನ್ನು ನೋಡಲೆಂದೇ ಮಧುಗಿರಿಯಲ್ಲಿ ಇಳಿದು ನಾನು ನರ್ಸಾಗಿ ಕೆಲಸ ಮಾಡುವ ಆಸ್ಪತ್ರೆಗೆ ಬಂದರು. ಅದೇ ಕೊನೆಯ ಭೇಟಿ. ನಾನು ಡ್ರಿಪ್ ಹಾಕಲು ಸಿದ್ಧ ಮಾಡುತ್ತಿದ್ದೆ. ಹಾಸಿಗೆಯ ಮೇಲಿದ್ದ ಮುದುಕಿ ನನ್ನನ್ನು ಅನುಮಾನದಿಂದ ನೋಡಿ, ಸಿಸ್ಟರನ್ನು ಕೇಳಿದಳು: “ಈ ಮಗೀಗೆ ಸೂಜಿ ಚುಚ್ಚಾಕೆ ಬತ್ತದಾ?”

“ಇವಳ ಕೈಯಾಗಿದ್ದೀಯ, ಸುಮ್ಕೆ ಮಲಕ್ಕೊ” ಎಂದರು ಸರೋಜಮ್ಮ. ಮುದುಕಿ ತೋಳು ಚಾಚಿದಳು.